ಮನೆಯ ವೈದ್ಯರಿಗೆ ಗುರುಗಳು ಯಾರು?

ಮಗುವಿಗೆ ರಾತ್ರಿಯೆಲ್ಲ ಜ್ವರ. ಬೆಳಗಾಗುವುದನ್ನೇ ಕಾದಿದ್ದು ತಾಯಿ ಅದನ್ನು ಹೆಗಲಿಗೇರಿಸಿಕೊಂಡು ಹೊರಡುತ್ತಾಳೆ. ಎಲ್ಲಿಗೆ? ಹೃದ್ರೋಗದ ತಜ್ಞರ ಬಳಿಗಲ್ಲ. ಶಸ್ತ್ರವೈದ್ಯರ ಬಳಿಗೂ ಅಲ್ಲ. ‘ನಮ್ಮ ಡಾಕ್ಟರು’ ಎಂದು ಮನೆಯವರೆಲ್ಲರೂ ಕರೆಯುವ ಆ ಒಬ್ಬರ ಬಳಿಗೆ. ಮಗುವಿನ ಎದೆಗೆ ಕೊಳವೆ ಇಡುವ ಮೊದಲೇ ಅವರು ಕೇಳುತ್ತಾರೆ: “ಅಜ್ಜಿಯ ಕೆಮ್ಮು ಹೇಗಿದೆ? ಊರಿಗೆ ಹೋಗಿದ್ದ ಯಜಮಾನರು ಬಂದರೆ?” ಇದು ಕೇಳುವವರಿಗೆ ಬರಿಯ ಕುಶಲಪ್ರಶ್ನೆ. ಆದರೆ ರೋಗಪರೀಕ್ಷೆ ಅಲ್ಲಿಂದಲೇ ಆರಂಭವಾಗಿರುತ್ತದೆ.

ಇಂಥ ವೈದ್ಯರು ಎಲ್ಲ ದೇಶಗಳಲ್ಲಿಯೂ ಉಂಟು. ಅವರಿಗೆ ಜನ ಇಟ್ಟ ಹೆಸರುಗಳನ್ನೇ ನೋಡಿ. ಹಾಲೆಂಡಿನವರು ‘ಹೌಸ್‌ಆರ್ಟ್ಸ್’ ಎನ್ನುತ್ತಾರೆ, ಎಂದರೆ ಮನೆವೈದ್ಯ. ಜರ್ಮನರ ‘ಹೌಸ್‌ಆರ್ಟ್ಸ್ಟ್’ ಎಂಬ ಮಾತಿಗೂ ಅದೇ ಅರ್ಥ. ಇಟಲಿಯವರು ಕುಟುಂಬದ ವೈದ್ಯ ಎನ್ನುತ್ತಾರೆ. ಸ್ಪೇನಿನವರ ಮಾತು ಇನ್ನೂ ಸೊಗಸಾದುದು. ಅವರು ಈತನನ್ನು ಹಾಸಿಗೆಯ ತಲೆದೆಸೆಯಲ್ಲಿ ಕುಳಿತಿರುವ ವೈದ್ಯ ಎಂದು ಕರೆಯುತ್ತಾರೆ. ಭಾಷೆ ಬೇರೆ ಬೇರೆಯಾದರೂ ಜನ ಕಂಡ ಚಿತ್ರ ಒಂದೇ.

ಹಾಗಾದರೆ ಈ ವೈದ್ಯರಿಗೆ ಅವರ ವಿದ್ಯೆಯನ್ನು ಕಲಿಸಿದವರು ಯಾರು? ಹೃದಯದ ವಿಷಯವನ್ನು ಹೃದಯತಜ್ಞರು ಕಲಿಸಿದರು. ಕಣ್ಣಿನ ವಿಷಯವನ್ನು ಕಣ್ಣಿನ ತಜ್ಞರು ಕಲಿಸಿದರು. ಇಡಿಯ ಮನುಷ್ಯನನ್ನು, ಅವನ ಮನೆಯನ್ನು, ಅವನ ಹತ್ತು ಇಪ್ಪತ್ತು ವರ್ಷಗಳ ಬಾಳನ್ನು ನೋಡುವ ಬಗೆಯನ್ನು ಯಾರು ಕಲಿಸಿದರು? ಬಹುಕಾಲದವರೆಗೆ ಇದಕ್ಕೆ ಉತ್ತರ ‘ಯಾರೂ ಇಲ್ಲ’ ಎಂಬುದೇ ಆಗಿತ್ತು. ಆ ಉತ್ತರವನ್ನು ಬದಲಾಯಿಸಲು ಯೂರೋಪಿನ ವೈದ್ಯ ಉಪಾಧ್ಯಾಯರು ಗಡಿಗಳನ್ನು ದಾಟಿ ಹೇಗೆ ಒಂದುಗೂಡಿದರೆಂಬುದನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲು ಒಂದು ಸಣ್ಣ ಲೆಕ್ಕ. 1961ರಲ್ಲಿ ಕೆರ್ ವೈಟ್ ಎಂಬ ವೈದ್ಯರೂ ಅವರ ಇಬ್ಬರು ಸಂಗಡಿಗರೂ ಅಮೆರಿಕ ಮತ್ತು ಬ್ರಿಟನ್ನಿನ ಅಂಕಿ ಅಂಶಗಳನ್ನು ಕೂಡಿಸಿ ಒಂದು ಲೇಖನ ಬರೆದರು. ವಯಸ್ಸಿಗೆ ಬಂದ 1000 ಜನರನ್ನು ತೆಗೆದುಕೊಳ್ಳಿ. ಒಂದು ತಿಂಗಳಿನಲ್ಲಿ ಅವರಲ್ಲಿ ಸುಮಾರು 750 ಮಂದಿಗೆ ಏನಾದರೂ ಒಂದು ಅಸ್ವಸ್ಥತೆ ಉಂಟಾಗುತ್ತದೆ. ವೈದ್ಯರನ್ನು ಕಾಣುವವರು 250 ಮಂದಿ. ಆಸ್ಪತ್ರೆ ಸೇರುವವರು 9 ಮಂದಿ. ವಿಶ್ವವಿದ್ಯಾನಿಲಯದ ದೊಡ್ಡ ಆಸ್ಪತ್ರೆಗೆ ಹೋಗುವವನು ಒಬ್ಬನೇ ಒಬ್ಬ!

ಈಗ ಯೋಚಿಸಿ ನೋಡಿ. ವೈದ್ಯ ವಿದ್ಯಾರ್ಥಿ ಐದಾರು ವರ್ಷ ಕಲಿಯುವುದು ಎಲ್ಲಿ? ಆ ಒಬ್ಬ ಮಲಗಿರುವ ಆಸ್ಪತ್ರೆಯಲ್ಲಿ. ಕೆಲಸ ಮಾಡಬೇಕಾದದ್ದೋ ಆ 250 ಮಂದಿಯ ನಡುವೆ. ಆಸ್ಪತ್ರೆಯಲ್ಲಿ ತಲೆನೋವೆಂದರೆ ಮಿದುಳಿನ ಗಡ್ಡೆ ಇರಬಹುದೆಂಬ ಶಂಕೆ ಮೊದಲು ಹುಟ್ಟುತ್ತದೆ. ಬೀದಿಯ ಚಿಕಿತ್ಸಾಲಯದಲ್ಲಿ ತಲೆನೋವೆಂದರೆ ನಿದ್ರೆಗೆಟ್ಟದ್ದಿರಬಹುದು, ಕನ್ನಡಕ ಬೇಕಾಗಿರಬಹುದು, ಮಗಳ ಮದುವೆಯ ಸಾಲದ ಚಿಂತೆ ಇರಬಹುದು. ನೂರಾರು ತಲೆನೋವುಗಳ ನಡುವೆ ಎಂದೋ ಒಂದು ದಿನ ಗಡ್ಡೆಯೂ ಇರಬಹುದು. ಆ ಒಂದನ್ನು ತಪ್ಪದೆ ಗುರುತಿಸಬೇಕು. ಉಳಿದವರನ್ನು ಅನಾವಶ್ಯಕವಾಗಿ ಹೆದರಿಸಲೂ ಕೂಡದು. ಇದು ತಜ್ಞನ ವಿದ್ಯೆಗಿಂತ ಕಡಮೆಯದಲ್ಲ, ಬೇರೆಯದು. ಆದರೆ ಹಿತ್ತಲ ಗಿಡ ಮದ್ದಲ್ಲವಷ್ಟೆ! ಹೀಗೊಂದು ಬೇರೆ ವಿದ್ಯೆ ಇದೆಯೆಂದು ಒಪ್ಪುವವರೇ ಇರಲಿಲ್ಲ.

ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಎರಡು ವರ್ಷಗಳ ಮೇಲೆ ಜೋಸೆಫ್ ಕಾಲಿಂಗ್ಸ್ ಎಂಬ ಆಸ್ಟ್ರೇಲಿಯದ ವೈದ್ಯರು ಅಲ್ಲಿನ 55 ಚಿಕಿತ್ಸಾಲಯಗಳನ್ನು ಸುತ್ತಿ ನೋಡಿ ಬಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬರೆದರು. ಕಿಕ್ಕಿರಿದ ಕೋಣೆಗಳು, ಅವಸರದ ಪರೀಕ್ಷೆ, ಸಲಕರಣೆಗಳ ಅಭಾವ—ಓದಿದವರಿಗೆ ನಾಚಿಕೆಯಾಗುವಂತಿತ್ತು. 1958ರಲ್ಲಿ ಲಾರ್ಡ್ ಮೊರಾನ್ ಅವರು—ಚರ್ಚಿಲ್ಲರ ವೈದ್ಯರಾಗಿದ್ದವರು—ವೇತನದ ಆಯೋಗದ ಮುಂದೆ ಸಾಕ್ಷ್ಯ ಹೇಳುತ್ತ, ತಜ್ಞನಾಗುವುದೆಂದರೆ ಏಣಿ ಹತ್ತಿದಂತೆ; ಆ ಏಣಿಯಿಂದ ಬಿದ್ದವರೇ ಸಾಮಾನ್ಯ ವೈದ್ಯರಾಗುತ್ತಾರೆ ಎಂಬ ಭಾವ ಬರುವಂತೆ ಮಾತನಾಡಿದರು. ಆ ಮಾತು ಸಾವಿರಾರು ವೈದ್ಯರನ್ನು ಚುಚ್ಚಿತು. ಮುಂದೆ ನಮ್ಮ ದೇಶದಿಂದ ಅಲ್ಲಿಗೆ ಹೋದ ಅನೇಕ ವೈದ್ಯರು, ಕನ್ನಡಿಗರೂ ಸೇರಿದಂತೆ, ಗಣಿಗಳ ಊರುಗಳಲ್ಲಿಯೂ ಕಾರ್ಖಾನೆಯ ಪಟ್ಟಣಗಳಲ್ಲಿಯೂ ಇದೇ ಕೆಲಸವನ್ನು ಹಿಡಿದು ನಿಂತರು. ಏಣಿಯ ಬುಡದಲ್ಲಿ ನಿಂತವರೇ ಆ ಊರುಗಳ ಆರೋಗ್ಯವನ್ನು ಹೊತ್ತವರು.

ಆದರೆ ಮಾತಿಗೆ ಮಾತಿನಿಂದ ಉತ್ತರ ಹೇಳಿದರೆ ಸಾಲದು. ಈ ವಿದ್ಯೆ ನಿಜವಾಗಿಯೂ ಒಂದು ವಿದ್ಯೆಯೆಂದು ತೋರಿಸಬೇಕು. ಅದನ್ನು ತೋರಿಸಿದವರಲ್ಲಿ ಮೂವರನ್ನು ಮಾತ್ರ ಇಲ್ಲಿ ನೆನೆಯುತ್ತೇನೆ.

ಮೊದಲನೆಯವರು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಏಸ್ಗಾರ್ತ್ ಎಂಬ ಹಳ್ಳಿಯ ವೈದ್ಯರಾದ ವಿಲಿಯಂ ಪಿಕಲ್ಸ್. ಆ ಕಣಿವೆಯಲ್ಲಿ ಯಾರ ಮನೆಗೆ ಯಾರು ಹೋಗಿ ಬರುತ್ತಾರೆ, ಯಾವ ಜಾತ್ರೆಗೆ ಯಾರು ಹೋಗಿದ್ದರು ಎಂಬುದೆಲ್ಲ ಅವರಿಗೆ ಗೊತ್ತು. ಕಾಮಾಲೆ ಹಬ್ಬಿದಾಗ ಒಬ್ಬರಿಂದೊಬ್ಬರಿಗೆ ಅದು ದಾಟಿದ ಜಾಡನ್ನು ಹಿಡಿದು, ಸೋಂಕು ತಗಲಿದ ಮೇಲೆ ರೋಗ ಕಾಣಿಸಿಕೊಳ್ಳಲು ಹೆಚ್ಚು ಕಡಮೆ ಒಂದು ತಿಂಗಳು ಬೇಕೆಂದು ಅವರು ಲೆಕ್ಕ ಹಾಕಿದರು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಕುಳಿತು ಈ ಲೆಕ್ಕ ಹಾಕುವುದು ಸಾಧ್ಯವಿರಲಿಲ್ಲ. ಅವರ ಪುಸ್ತಕ 1939ರಲ್ಲಿ ಬಂದಿತು.

ಎರಡನೆಯವರು ಹಾಲೆಂಡಿನ ಫ್ರಾನ್ಸ್ ಹೈಗನ್. ನೈಮೇಗನ್ ಪಟ್ಟಣದ ಬಳಿಯ ಲೆಂಟ್ ಎಂಬ ಹಳ್ಳಿಯ ವೈದ್ಯರು. ರೋಗಿಗೊಂದು ಚೀಟಿಯಲ್ಲ, ಸಂಸಾರಕ್ಕೊಂದು ದಾಖಲೆ ಎಂದು ಅವರು ಬರೆದಿಟ್ಟುಕೊಂಡು ಬಂದರು. ದಶಕಗಳು ಕಳೆದ ಮೇಲೆ ತಿರುವಿ ನೋಡಿದರೆ, ತಾಯಿಯ ಅಸ್ವಸ್ಥತೆಗೂ ಮಕ್ಕಳ ಅಸ್ವಸ್ಥತೆಗೂ ಇರುವ ನಂಟು ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಹಳ್ಳಿಯ ಈ ವೈದ್ಯರು ಮುಂದೆ ನೈಮೇಗನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಮೂರನೆಯವರು ಮೈಕೇಲ್ ಬಾಲಿಂಟ್. ಬುಡಾಪೆಸ್ಟಿನ ಒಬ್ಬ ಸಾಮಾನ್ಯ ವೈದ್ಯರ ಮಗ, ಮನೋವಿಶ್ಲೇಷಕರು, 1939ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದರು. 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಬೀದಿಯ ವೈದ್ಯರ ಸಣ್ಣ ಗುಂಪನ್ನು ಕೂಡಿಸಿಕೊಂಡು, ತಮ್ಮನ್ನು ಕಾಡಿದ ರೋಗಿಗಳ ವಿಷಯವನ್ನು ಮುಚ್ಚುಮರೆಯಿಲ್ಲದೆ ಮಾತನಾಡಿಸಿದರು. ವೈದ್ಯನು ಕೊಡುವ ಔಷಧಗಳಲ್ಲಿ ಮೊದಲನೆಯದು ವೈದ್ಯನೇ ಎಂಬುದು ಅವರು ಕಂಡುಕೊಂಡ ಸಂಗತಿ. ಆ ಔಷಧಕ್ಕೂ ಪ್ರಮಾಣ ಉಂಟು, ಅಡ್ಡ ಪರಿಣಾಮಗಳೂ ಉಂಟು! 1957ರಲ್ಲಿ ಬಂದ ಅವರ ಪುಸ್ತಕ ಹಲವು ದೇಶಗಳ ವೈದ್ಯರ ಕೈಸೇರಿತು. ‘ಬಾಲಿಂಟ್ ಗುಂಪು’ಗಳು ಇಂದಿಗೂ ಅನೇಕ ದೇಶಗಳಲ್ಲಿ ಸೇರುತ್ತವೆ.

ಇವರ ಬೆನ್ನಿಗೇ ಸಂಸ್ಥೆಗಳು ಎದ್ದವು. ಬ್ರಿಟನ್ನಿನಲ್ಲಿ ಸಾಮಾನ್ಯ ವೈದ್ಯರ ಕಾಲೇಜು 1952ರಲ್ಲಿ ಸ್ಥಾಪನೆಯಾಯಿತು. ಹಳ್ಳಿಯ ಪಿಕಲ್ಸರೇ ಅದರ ಮೊದಲನೆಯ ಅಧ್ಯಕ್ಷರು. ಹಾಲೆಂಡಿನವರ ಕಾಲೇಜು 1956ರದು. 1963ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯ ರಿಚರ್ಡ್ ಸ್ಕಾಟ್ ಅವರನ್ನು ಸಾಮಾನ್ಯ ವೈದ್ಯದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಜಗತ್ತಿನಲ್ಲಿ ಅಂಥ ಪೀಠ ಅದೇ ಮೊದಲು. 1966ರಲ್ಲಿ ಹಾಲೆಂಡಿನ ಯೂಟ್ರೆಕ್ಟಿನಲ್ಲಿ ಯಾನ್ ವಾನ್ ಎಸ್ ಅವರಿಗೆ ಅಂಥದೇ ಪೀಠ ದೊರೆಯಿತು.

ಪೀಠವೇನೋ ದೊರೆಯಿತು. ಅದರ ಮೇಲೆ ಕುಳಿತವರ ಪಾಡನ್ನು ಊಹಿಸಿಕೊಳ್ಳಿ. ವೈದ್ಯ ಕಾಲೇಜಿನಲ್ಲಿ ಅವರೊಬ್ಬರೇ. ಪಠ್ಯಪುಸ್ತಕವಿಲ್ಲ. ಪಾಠ ಹೇಳಿದ ಹಿರಿಯರಿಲ್ಲ. “ನೀವು ಕಲಿಸುವುದೇನು? ನಮ್ಮೆಲ್ಲರ ಪಾಠಗಳ ಚೂರುಗಳನ್ನು ಕೂಡಿಸಿದರೆ ನಿಮ್ಮದಾಯಿತಲ್ಲವೇ?” ಎಂದು ಪಕ್ಕದ ಪೀಠದವರು ನಗುತ್ತಾರೆ. ಸ್ವದೇಶದಲ್ಲಿ ಜೊತೆಗಾರರಿಲ್ಲದವನು ನೆರೆದೇಶದಲ್ಲಿ ಹುಡುಕುವುದು ಸಹಜವೇ. ಹೀಗೆ ಒಬ್ಬೊಬ್ಬರೇ ಇದ್ದ ಉಪಾಧ್ಯಾಯರು ಗಡಿಯಾಚೆಯ ಒಬ್ಬೊಬ್ಬರನ್ನು ಅರಸಿಕೊಂಡು ಹೋದರು. ಯೂರೋಪಿನ ಸಹಕಾರ ಹುಟ್ಟಿದ್ದು ಸರ್ಕಾರಗಳ ಒಪ್ಪಂದದಿಂದಲ್ಲ, ಈ ಒಂಟಿತನದಿಂದ.

1974ರಲ್ಲಿ ಇವರು ಹಾಲೆಂಡಿನ ಹೂಗೆಡ್ಡೆಗಳ ಸೀಮೆಯಲ್ಲಿರುವ ಲೇವೆನ್‌ಹಾರ್ಸ್ಟ್ ಎಂಬಲ್ಲಿ ಸೇರಿದರು. ಅದು ಸಾಮಾನ್ಯ ವೈದ್ಯದ ಬೋಧನೆಯನ್ನು ಕುರಿತ ಎರಡನೆಯ ಯೂರೋಪ್ ಸಮ್ಮೇಳನ. ಮುಂದೆ ‘ಲೇವೆನ್‌ಹಾರ್ಸ್ಟ್ ಗುಂಪು’ ಎಂದೇ ಹೆಸರಾದ ಹಲವು ದೇಶಗಳ ಈ ಉಪಾಧ್ಯಾಯರು ಅಲ್ಲಿ ಮಾಡಿದ ಕೆಲಸ ಮೇಲುನೋಟಕ್ಕೆ ಬಹು ಸಣ್ಣದು. ಸಾಮಾನ್ಯ ವೈದ್ಯನೆಂದರೆ ಯಾರು ಎಂಬುದಕ್ಕೆ ಒಂದು ವಿವರಣೆಯನ್ನು ಬರೆದರು, ಅಷ್ಟೇ.

ಅದರ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಆತನು ಅರ್ಹತೆ ಪಡೆದ ವೈದ್ಯ. ವ್ಯಕ್ತಿಗಳನ್ನೂ ಸಂಸಾರಗಳನ್ನೂ ತನ್ನನ್ನು ನಂಬಿದ ಜನಸಮೂಹವನ್ನೂ, ವಯಸ್ಸು ಲಿಂಗ ರೋಗಗಳ ಭೇದವಿಲ್ಲದೆ, ನೋಡಿಕೊಳ್ಳತಕ್ಕವನು. ಆತನ ಆರೈಕೆ ಆತ್ಮೀಯವಾದುದು, ಮೊದಲನೆಯದು ಮತ್ತು ಮುಂದುವರಿಯುವಂಥದು. ಮೊದಲನೆಯದೆಂದರೆ, ಯಾವ ತೊಂದರೆ ಬಂದರೂ ಮೊದಲ ತೀರ್ಮಾನ ಅವನದು. ಮುಂದುವರಿಯುವಂಥದೆಂದರೆ, ಜ್ವರ ಬಿಟ್ಟ ಮೇಲೂ ಸಂಬಂಧ ಬಿಡುವುದಿಲ್ಲ. ದೇಹವನ್ನಷ್ಟೇ ಅಲ್ಲ, ಮನಸ್ಸನ್ನೂ ಸಂಸಾರ ಸಮಾಜಗಳ ಸ್ಥಿತಿಯನ್ನೂ ಆತನು ಗಣನೆಗೆ ತರಬೇಕು. ಈ ಗುಣಗಳು ಬಿಡಿಬಿಡಿಯಾಗಿ ಬೇರೆ ವೈದ್ಯರಲ್ಲೂ ಇದ್ದಾವು. ಎಲ್ಲವೂ ಒಬ್ಬನಲ್ಲಿ ಕೂಡಿಬರುವುದೇ ಇವನ ವಿಶೇಷ.

ಇದರಲ್ಲಿ ಹೊಸದೇನು, ನಮ್ಮ ಅಜ್ಜಿಗೂ ಇದು ಗೊತ್ತಿತ್ತಲ್ಲ ಎನ್ನುತ್ತೀರಾ? ನಿಜ. ಆದರೆ ಅಜ್ಜಿಗೆ ಗೊತ್ತಿದ್ದದ್ದು ವಿಶ್ವವಿದ್ಯಾನಿಲಯಗಳಿಗೆ ಗೊತ್ತಿರಲಿಲ್ಲ. ಬರೆದು ಒಪ್ಪಿದ ವಿವರಣೆಯೊಂದು ಕೈಗೆ ಬಂದಮೇಲೆ ಪಾಠವನ್ನು ಗೊತ್ತುಮಾಡಬಹುದು, ಪರೀಕ್ಷೆ ಮಾಡಬಹುದು, ಸರ್ಕಾರವನ್ನು ಕೇಳಬಹುದು. ಅದೂ ಹಲವು ದೇಶದವರು ಒಟ್ಟಿಗೆ ಹೇಳಿದ ಮಾತಾದರೆ, “ಅದು ನಿಮ್ಮ ಮನೆಯ ಅಭಿಪ್ರಾಯ” ಎಂದು ಯಾರೂ ತಳ್ಳಿಹಾಕುವಂತಿಲ್ಲ.

ಕಲಿಸುವ ರೀತಿಯೂ ಬದಲಾಯಿತು. ಮ್ಯಾಂಚೆಸ್ಟರಿನ ಪ್ಯಾಟ್ ಬರ್ನ್ ಅವರೂ ಅವರ ಸಹೋದ್ಯೋಗಿ ಬ್ಯಾರಿ ಲಾಂಗ್ ಅವರೂ ವೈದ್ಯರು ರೋಗಿಗಳೊಡನೆ ಆಡಿದ ಎರಡು ಸಾವಿರಕ್ಕೂ ಹೆಚ್ಚು ಸಂಭಾಷಣೆಗಳನ್ನು ಧ್ವನಿಮುದ್ರಿಸಿ ಕೇಳಿದರು. 1976ರಲ್ಲಿ ಅದನ್ನು ಪ್ರಕಟಿಸಿದರು. ಬಹುಮಂದಿ ವೈದ್ಯರದು ಒಂದೇ ಧಾಟಿ. ಎದುರಿಗೆ ಕುಳಿತವರು ಯಾರೇ ಆಗಲಿ ಅದು ಬದಲಾಗುವುದು ಅಪರೂಪ ಎಂದು ತಿಳಿಯಿತು. ತಮ್ಮ ಧ್ವನಿಯನ್ನು ತಾವೇ ಮೊದಲ ಸಲ ಕೇಳಿದವರಿಗೆ ಆಗುವ ಬೆರಗು ರೇಡಿಯೋ ಪ್ರಿಯರಾದ ನಿಮಗೆ ತಿಳಿಯದ್ದಲ್ಲ. ಆ ಬೆರಗೇ ಪಾಠದ ಆರಂಭ. ಕೇಳುವುದು, ಕಾಯುವುದು, ಸರಿಯಾದ ಗಳಿಗೆಯಲ್ಲಿ ಒಂದು ಪ್ರಶ್ನೆ ಹಾಕುವುದು—ಇವು ಹುಟ್ಟುಗುಣ ಮಾತ್ರವಲ್ಲ, ಕಲಿಯಬಹುದಾದ ಗುಣಗಳು ಎಂಬುದು ಇದರಿಂದ ಸ್ಪಷ್ಟವಾಯಿತು.

ನಿಧಾನವಾಗಿ ಕಾನೂನೂ ಹಿಂದೆ ಬಂದಿತು. 1986ರಲ್ಲಿ ಆಗಿನ ಯೂರೋಪಿನ ಆರ್ಥಿಕ ಸಮುದಾಯ ಒಂದು ನಿರ್ದೇಶನವನ್ನು ಹೊರಡಿಸಿತು. ವೈದ್ಯ ಪದವಿ ಪಡೆದ ಮೇಲೆ ಸಾಮಾನ್ಯ ವೈದ್ಯನಾಗುವವನಿಗೆ ಕಡೆಯ ಪಕ್ಷ ಎರಡು ವರ್ಷಗಳ ಪ್ರತ್ಯೇಕ ಶಿಕ್ಷಣ ಬೇಕು. ಅದರಲ್ಲಿ ಆರು ತಿಂಗಳಾದರೂ ಚಿಕಿತ್ಸಾಲಯದಲ್ಲಿಯೇ ಕಲಿಯಬೇಕು ಎಂದು ಅದು ಹೇಳಿತು. 1995ರಿಂದ, ಸಾಮಾಜಿಕ ವಿಮೆಯ ವ್ಯವಸ್ಥೆಯೊಳಗೆ ಹೊಸದಾಗಿ ಬರುವ ಸಾಮಾನ್ಯ ವೈದ್ಯರಿಗೆ ಇದು ಕಡ್ಡಾಯ. 2001ರ ಮತ್ತೊಂದು ನಿರ್ದೇಶನ ಆ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು. ಏಣಿಯಿಂದ ಬಿದ್ದವನೆಂದು ಕರೆಸಿಕೊಂಡವನಿಗೆ ಈಗ ತನ್ನದೇ ಆದ ಏಣಿಯೊಂದು ದೊರೆತಂತಾಯಿತು.

ಅಷ್ಟರಲ್ಲಿ ಯೂರೋಪಿನ ಭೂಪಟವೇ ಬದಲಾಯಿತು. 1989ರಲ್ಲಿ ಬರ್ಲಿನ್ನಿನ ಗೋಡೆ ಬಿದ್ದಿತು. ಪೂರ್ವ ದೇಶಗಳಲ್ಲಿ ಬಹುಮಟ್ಟಿಗೆ ದೊಡ್ಡವರಿಗೊಬ್ಬ ವೈದ್ಯ, ಮಕ್ಕಳಿಗೊಬ್ಬ, ಹೆಂಗಸರಿಗೊಬ್ಬ ಎಂಬ ಏರ್ಪಾಡಿತ್ತು. ಒಂದು ಮನೆಯನ್ನು ಇಡಿಯಾಗಿ ಬಲ್ಲವರು ಅದರಲ್ಲಿ ಸಿಕ್ಕುವುದು ಕಷ್ಟ. ಎಸ್ತೋನಿಯದಂಥ ಪುಟ್ಟ ದೇಶ ಟಾರ್ಟು ವಿಶ್ವವಿದ್ಯಾನಿಲಯದಲ್ಲಿ 1991ರಲ್ಲಿಯೇ ತನ್ನ ವೈದ್ಯರನ್ನು ಕುಟುಂಬ ವೈದ್ಯರಾಗಿ ಮರುಶಿಕ್ಷಣಕ್ಕೆ ಕೂಡಿಸಿತು. ನಡುವಯಸ್ಸಿನ, ನುರಿತ ವೈದ್ಯರು ಮತ್ತೆ ವಿದ್ಯಾರ್ಥಿಗಳಾಗಿ ಬೆಂಚಿನ ಮೇಲೆ ಕುಳಿತರು. ಕಲಿಯುವವರು ಸಿದ್ಧ, ಕಲಿಸುವವರಿಗೆ ಕಲಿಸುವವರು ಬೇಕಾಗಿತ್ತು.

ಸರಿಯಾಗಿ ಆ ಹೊತ್ತಿಗೆ, 1992ರಲ್ಲಿ, ಲೇವೆನ್‌ಹಾರ್ಸ್ಟ್ ಗುಂಪಿನ ಪರಂಪರೆಯಿಂದ ಒಂದು ಅಕಾಡೆಮಿ ಹುಟ್ಟಿತು. ಸಾಮಾನ್ಯ ವೈದ್ಯದ ಉಪಾಧ್ಯಾಯರ ಯೂರೋಪ್ ಅಕಾಡೆಮಿ ಎಂದು ಹೆಸರು. ‘ಯೂರ್ಯಾಕ್ಟ್’ ಎಂಬುದು ಅದರ ಹ್ರಸ್ವರೂಪ. ಇದರಲ್ಲಿ ಸದಸ್ಯರಾಗುವುದು ಸಂಸ್ಥೆಗಳಲ್ಲ, ಉಪಾಧ್ಯಾಯರೇ. ದೇಶಕ್ಕೊಬ್ಬ ಪ್ರತಿನಿಧಿಯನ್ನು ಸದಸ್ಯರು ಚುನಾಯಿಸುತ್ತಾರೆ. ದೊಡ್ಡ ದೇಶಕ್ಕೂ ಒಬ್ಬ, ಚಿಕ್ಕ ದೇಶಕ್ಕೂ ಒಬ್ಬ. ಅವರ ಮಂಡಲಿ ಇಂದು ಒಂದು ದೇಶದಲ್ಲಿ, ನಾಳೆ ಇನ್ನೊಂದು ದೇಶದಲ್ಲಿ ಸಭೆ ಸೇರುತ್ತದೆ.

ಸ್ಲೊವೇನಿಯದಲ್ಲಿ ಬ್ಲೆಡ್ ಎಂಬ ಊರಿದೆ. ಆಲ್ಪ್ಸ್ ಬೆಟ್ಟಗಳ ಮಡಿಲಲ್ಲಿ ಒಂದು ಸರೋವರ. ಸರೋವರದ ನಡುವೆ ಒಂದು ದ್ವೀಪ. ದ್ವೀಪದ ಮೇಲೆ ಒಂದು ಇಗರ್ಜಿ. 1990ರ ದಶಕದ ಮೊದಲಿನಿಂದ ಇಲ್ಲಿ ಈ ಅಕಾಡೆಮಿಯ ಒಂದು ಶಿಬಿರ ನಡೆದುಕೊಂಡು ಬಂದಿದೆ. ಪ್ರತಿಸಲವೂ ಬೇರೆ ಬೇರೆ ವಿಷಯ. ನಾನಾ ದೇಶದ ಉಪಾಧ್ಯಾಯರು ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು, ತಮ್ಮೂರಿಗೆ ಹಿಂದಿರುಗಿದ ಮೇಲೆ ವಿದ್ಯಾರ್ಥಿಗಳಿಗೆ ಹೇಳಬಹುದಾದ ಪಾಠವನ್ನು ಒಟ್ಟಿಗೆ ಕಟ್ಟುತ್ತಾರೆ. ಆಡುವ ಭಾಷೆ ಇಂಗ್ಲಿಷು. ಬಹುಮಂದಿಗೆ ಅದು ತಾಯ್ನುಡಿಯಲ್ಲ. ಇದರಿಂದ ನಷ್ಟವೇ ಆಯಿತೆನ್ನುವಂತಿಲ್ಲ. ಅರೆಬರೆ ಬಂದ ಭಾಷೆಯಲ್ಲಿ ಮಾತನಾಡುವವನು ಅಲಂಕಾರವನ್ನು ಬಿಟ್ಟು ವಿಷಯವನ್ನೇ ಹೇಳಬೇಕಾಗುತ್ತದೆ!

ಎಲ್ಲರೂ ಎಲ್ಲದರಲ್ಲಿಯೂ ಒಪ್ಪಿದರೆಂದು ಭಾವಿಸಬೇಡಿ. ಹಾಲೆಂಡಿನಲ್ಲಿ ತಜ್ಞರನ್ನು ಕಾಣಬೇಕಾದರೆ ಸಾಮಾನ್ಯವಾಗಿ ಮನೆವೈದ್ಯರ ಚೀಟಿ ಬೇಕು. ಜರ್ಮನಿಯಲ್ಲಿ ರೋಗಿಯು ನೇರವಾಗಿ ತಜ್ಞರ ಬಾಗಿಲು ತಟ್ಟುವ ಪದ್ಧತಿ ಬೆಳೆದು ಬಂದಿದೆ. ಒಂದು ಕಡೆ ಹೆರಿಗೆ ಈ ವೈದ್ಯನ ಕೆಲಸ. ಇನ್ನೊಂದು ಕಡೆ ಅಲ್ಲ. ಎಲ್ಲರಿಗೂ ಒಂದೇ ಅಂಗಿ ಹೊಲಿಯಲು ಹೊರಟಿದ್ದರೆ ಕೆಲಸ ಕೆಡುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಏರ್ಪಾಡುಗಳು ಬೇರೆಯಾಗಿರಲಿ, ಸಾಮರ್ಥ್ಯಗಳು ಯಾವುವೆಂಬುದನ್ನು ಹೇಳೋಣ ಎಂದರು. ಜಗತ್ತಿನ ಕುಟುಂಬ ವೈದ್ಯರ ಸಂಸ್ಥೆಯಾದ ‘ವೋಂಕಾ’ದ ಯೂರೋಪ್ ಶಾಖೆ 2002ರಲ್ಲಿ ಹೊಸ ವಿವರಣೆಯನ್ನು ಪ್ರಕಟಿಸಿ, ಆರು ಸಾಮರ್ಥ್ಯಗಳನ್ನು ಎಣಿಸಿತು. ಮೊದಲ ಹಂತದ ಆರೈಕೆಯನ್ನು ನಿರ್ವಹಿಸುವುದು. ರೋಗವನ್ನಲ್ಲ, ವ್ಯಕ್ತಿಯನ್ನು ನಡುವೆ ಇಟ್ಟುಕೊಳ್ಳುವುದು. ಇನ್ನೂ ರೂಪುಗೊಳ್ಳದ ತೊಂದರೆಗಳನ್ನು ಬಿಡಿಸುವ ಜಾಣ್ಮೆ. ಹಲವು ತೊಂದರೆಗಳನ್ನು ಒಟ್ಟಿಗೆ ನೋಡುವುದು. ಊರಿನ ಹಿತವನ್ನು ಗಮನದಲ್ಲಿಡುವುದು. ದೇಹ ಮನಸ್ಸು ಸಂಸ್ಕೃತಿಗಳನ್ನು ಒಂದಾಗಿ ಕಾಣುವುದು. 2005ರಲ್ಲಿ ಯೂರ್ಯಾಕ್ಟ್ ಅಕಾಡೆಮಿ ಈ ಆರನ್ನೂ ಹೇಗೆ ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದನ್ನು ಒಂದು ಗ್ರಂಥವಾಗಿ ಹೊರತಂದಿತು.

ಇಷ್ಟೆಲ್ಲ ಶ್ರಮದಿಂದ ರೋಗಿಗೆ ಬಂದದ್ದೇನು? ಈ ಪ್ರಶ್ನೆಯನ್ನು ಕೇಳದೆ ಭಾಷಣ ಮುಗಿಸಿದರೆ ನೀವು ಒಪ್ಪಲಾರಿರಿ. ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬರಿಗೂ ಒಬ್ಬ ಗೊತ್ತಾದ ವೈದ್ಯರನ್ನು ಪಡೆಯುವ ಹಕ್ಕುಂಟು. ಅಲ್ಲಿನ 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಒಂದು ಅಧ್ಯಯನ ಹೊರಬಂದಿತು. ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರನ್ನು, ಒಂದೇ ವರ್ಷದಿಂದ ಇರುವವರೊಡನೆ ಹೋಲಿಸಿದರು. ಹಳೆಯ ಪರಿಚಯದವರಲ್ಲಿ ಅವೇಳೆಯಲ್ಲಿ ವೈದ್ಯರಲ್ಲಿಗೆ ಓಡುವ ಪ್ರಸಂಗಗಳು ಸುಮಾರು ನೂರಕ್ಕೆ 30ರಷ್ಟು ಕಡಮೆ. ತುರ್ತಾಗಿ ಆಸ್ಪತ್ರೆ ಸೇರುವುದು ನೂರಕ್ಕೆ 28ರಷ್ಟು ಕಡಮೆ. ಸಾವಿನ ಸಂಭವ ನೂರಕ್ಕೆ 25ರಷ್ಟು ಕಡಮೆ. ಪರಿಚಯವೊಂದೇ ಇದಕ್ಕೆಲ್ಲ ಕಾರಣವೆಂದು ಇಂಥ ಹೋಲಿಕೆಯಿಂದ ಸಾಧಿಸಲಾಗದು. ಆದರೂ ವರ್ಷ ವರ್ಷವೂ ಪರಿಚಯ ಹೆಚ್ಚಿದಂತೆ ಲಾಭವೂ ಹೆಚ್ಚುತ್ತ ಹೋದದ್ದು ಯಾರನ್ನಾದರೂ ಯೋಚನೆಗೆ ಹಚ್ಚಬೇಕು. ಲೇವೆನ್‌ಹಾರ್ಸ್ಟಿನಲ್ಲಿ ಬರೆದ ‘ಮುಂದುವರಿಯುವ ಆರೈಕೆ’ ಎಂಬ ಮಾತು ಬರಿಯ ಶಬ್ದಾಲಂಕಾರವಾಗಿರಲಿಲ್ಲ.

ಕೆಲಸ ಮುಗಿಯಿತೆಂದು ಇದರ ಅರ್ಥವಲ್ಲ. ಯೂರೋಪಿನ ಹಲವು ಕಡೆ ಹಳೆಯ ವೈದ್ಯರು ನಿವೃತ್ತರಾಗುತ್ತಿದ್ದಾರೆ. ಹಳ್ಳಿಗಳಿಗೆ ಹೋಗಲು ತರುಣರು ಹಿಂದೆಗೆಯುತ್ತಾರೆ. ಪಾಠ ಎಷ್ಟು ಚೆನ್ನಾಗಿದ್ದರೇನು, ಬಾಗಿಲು ತೆರೆದು ಕುಳಿತುಕೊಳ್ಳುವವರು ಬೇಕಲ್ಲ? ಈ ತರುಣರನ್ನು ಒಲಿಸಿಕೊಳ್ಳಲು ಅವರು ಹಿಡಿದಿರುವ ದಾರಿಗಳಲ್ಲೊಂದು ಸೊಗಸಾಗಿದೆ. ಕಲಿಯುತ್ತಿರುವ ಎಳೆಯ ವೈದ್ಯನನ್ನು ಎರಡು ವಾರಗಳ ಮಟ್ಟಿಗೆ ಬೇರೊಂದು ದೇಶದ ಚಿಕಿತ್ಸಾಲಯಕ್ಕೆ ಕಳುಹಿಸುತ್ತಾರೆ. ಹಿಪ್ಪೊಕ್ರಾಟೀಸನ ಹೆಸರನ್ನು ಹೊತ್ತ ಯೋಜನೆ ಅದು. ಮಾತು ಬಾರದ ಊರಿನಲ್ಲಿ, ಅಲ್ಲಿನ ವೈದ್ಯರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಆತನು ಕುಳಿತು ನೋಡುತ್ತಾನೆ. ಅಲ್ಲಿಯೂ ತಾಯಿಯೊಬ್ಬಳು ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಾಳೆ. ಅಲ್ಲಿಯೂ ವೈದ್ಯರು ಮೊದಲು ಕೇಳುವುದು ಅಜ್ಜಿಯ ಕೆಮ್ಮಿನ ವಿಷಯವನ್ನೇ.

ಇನ್ನೊಮ್ಮೆ ನಿಮ್ಮ ಡಾಕ್ಟರಲ್ಲಿಗೆ ಹೋದಾಗ, ಅವರು ಮನೆಯವರನ್ನೆಲ್ಲ ವಿಚಾರಿಸುತ್ತ ಕುಳಿತರೆ, ಹೊತ್ತಾಯಿತೆಂದು ಗಡಿಯಾರ ನೋಡಬೇಡಿ. ಅವರು ಮಾಡುತ್ತಿರುವುದು ಹರಟೆಯಲ್ಲ. ಅದೊಂದು ವಿದ್ಯೆಯೆಂದು ಒಪ್ಪಿಸುವುದಕ್ಕೆ, ಅದನ್ನು ಕಲಿಸಬಹುದೆಂದು ತೋರಿಸುವುದಕ್ಕೆ, ಹಲವು ದೇಶಗಳ ಉಪಾಧ್ಯಾಯರು ಒಂದು ತಲೆಮಾರಿನ ಶ್ರಮವನ್ನು ವ್ಯಯಮಾಡಿದ್ದಾರೆ.